ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ: ಮೇಜಿನ ಕಂಪ್ಯೂಟರಿಗೆ ಬೆರಳಿನ ಅಳತೆ ಏಕೆ?

ಖಾತೆಪುಟ

ಲೆಕ್ಕಪತ್ರ ಬರೆಯುವುದು ನನ್ನ ವೃತ್ತಿ. ಹದಿನೇಳು ವರ್ಷಗಳಿಂದ ದಿನಕ್ಕೆ ಎಂಟು ಗಂಟೆ ಇದೇ ಕೆಲಸ. ಎಡಗಡೆ ರಸೀದಿಗಳ ಕಟ್ಟು, ಬಲಗೈಯಲ್ಲಿ ಮೌಸ್, ಎದುರಿಗೆ 24 ಇಂಚಿನ ಪರದೆ. ಅದು ಸ್ಪರ್ಶಪರದೆಯಲ್ಲ. ಮುಟ್ಟಿದರೆ ಏನೂ ಆಗುವುದಿಲ್ಲ, ಆಗಬೇಕೆಂದು ನಾನು ಎಂದೂ ಬಯಸಿಲ್ಲ.

ಕಳೆದ ತಿಂಗಳು ನಾವು ಬಳಸುವ ಲೆಕ್ಕದ ತಂತ್ರಾಂಶಕ್ಕೆ ಹೊಸ ರೂಪ ಕೊಟ್ಟರು. ಬೆಳಿಗ್ಗೆ ತೆರೆದರೆ ಎಲ್ಲವೂ ಊದಿಕೊಂಡಂತೆ ಕಾಣುತ್ತಿತ್ತು. ಸಾಲು ಸಾಲಿನ ನಡುವೆ ಬೆರಳು ತೂರುವಷ್ಟು ಜಾಗ. ಹಿಂದೆ ಒಂದು ಪರದೆಯಲ್ಲಿ 38 ನಮೂದುಗಳು ಕಾಣುತ್ತಿದ್ದವು. ಎಣಿಸಿ ನೋಡಿದೆ, ಈಗ 21. ಇದು ಸಣ್ಣ ವಿಷಯ ಎಂದು ಯಾರಾದರೂ ಹೇಳುವ ಮೊದಲು ತಾಳೆ ನೋಡುವ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಒಂದು ಕಿಟಕಿಯಲ್ಲಿ ಬ್ಯಾಂಕಿನ ಪಟ್ಟಿ, ಪಕ್ಕದಲ್ಲಿ ನಮ್ಮ ಖಾತೆ. ಕಣ್ಣು ಎಡಕ್ಕೂ ಬಲಕ್ಕೂ ಓಡಾಡುತ್ತದೆ. ಒಂದು ವಾರದ ವ್ಯವಹಾರ ಒಟ್ಟಿಗೆ ಕಾಣುತ್ತಿದ್ದರೆ ತಪ್ಪಿದ ಮೊತ್ತ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅರ್ಧ ವಾರ ಮಾತ್ರ ಕಂಡರೆ ಉಳಿದರ್ಧವನ್ನು ತಲೆಯಲ್ಲಿ ಇಟ್ಟುಕೊಂಡು ಮೇಲೆ ಕೆಳಗೆ ಜಾರಿಸುತ್ತಾ ಕೂರಬೇಕು. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತದೆ.

ಇನ್ನು ದಿನಾಂಕದ ಕಥೆ. ಮೊದಲು ಆ ಖಾನೆಯಲ್ಲಿ ಕರ್ಸರ್ ಇಟ್ಟು 1, 4, 0, 3 ಎಂದು ನಾಲ್ಕು ಅಂಕಿ ಒತ್ತಿದರೆ ಮುಗಿಯಿತು, ಕಣ್ಣು ರಸೀದಿಯ ಮೇಲೇ ಇರುತ್ತಿತ್ತು. ಈಗ ಆ ಖಾನೆಯನ್ನು ಕ್ಲಿಕ್ ಮಾಡಿದರೆ ಮೂರು ಚಕ್ರಗಳು ಮೇಲೇಳುತ್ತವೆ: ದಿನ, ತಿಂಗಳು, ವರ್ಷ. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಉರುಳಿಸುವ ಚಕ್ರ ಅದು. ನಾನು ಅದನ್ನು ಮೌಸಿನಿಂದ ಹಿಡಿದು ಎಳೆಯಬೇಕು. 14ಕ್ಕೆ ನಿಲ್ಲಿಸಲು ಹೋದರೆ 15ಕ್ಕೆ ಜಾರುತ್ತದೆ, ಹಿಂದಕ್ಕೆ ಎಳೆದರೆ 13. ದಿನಕ್ಕೆ ಇನ್ನೂರು ನಮೂದು ಮಾಡುವವನು ಇನ್ನೂರು ಸಲ ಈ ಚಕ್ರ ತಿರುಗಿಸಬೇಕು.

ಬಲ ಕ್ಲಿಕ್‌ನ ಮೆನು ಮಾಯವಾಗಿದೆ. ಅದರ ಬದಲು ಸಾಲಿನ ಮೇಲೆ ಒಂದು ಕ್ಷಣ ಒತ್ತಿ ಹಿಡಿಯಬೇಕಂತೆ. ನನ್ನ ಮೌಸಿಗೆ ಎರಡು ಗುಂಡಿಗಳಿವೆ, ಒಂದು ಗಾಲಿಯಿದೆ. ಒಂದೇ ಬೆರಳಿರುವವನಂತೆ ನನ್ನನ್ನು ಏಕೆ ನಡೆಸಿಕೊಳ್ಳುತ್ತಾರೆ? ಇದು ನನ್ನೊಬ್ಬನ ಗೋಳೇ, ಅಥವಾ ನಿಮಗೂ ಹೀಗಾಗಿದೆಯೇ?

ಹಳೆಯಕೊಂಡಿ

ನಿಮ್ಮೊಬ್ಬರದಲ್ಲ. ಈ ಜಗಳಕ್ಕೆ ಹತ್ತು ವರ್ಷ ಮೀರಿದ ಚರಿತ್ರೆಯಿದೆ.

2012ರ ಅಕ್ಟೋಬರ್ 26ರಂದು ವಿಂಡೋಸ್ 8 ಬಂದಾಗ ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿದ್ದರು. 1995ರಿಂದ ಪರದೆಯ ಎಡಮೂಲೆಯಲ್ಲಿ ಕುಳಿತಿದ್ದ ಗುಂಡಿ ಅದು. ಅದರ ಜಾಗದಲ್ಲಿ ಇಡೀ ಪರದೆಯನ್ನು ಆವರಿಸುವ ಬಣ್ಣದ ಹೆಂಚುಗಳು ಬಂದವು. ಕಂಪ್ಯೂಟರ್ ನಿಲ್ಲಿಸಬೇಕೆಂದರೆ ಮೌಸನ್ನು ಬಲಮೂಲೆಗೆ ಒಯ್ಯಬೇಕು, ಅಲ್ಲಿ ಜಾರಿ ಬರುವ ಪಟ್ಟಿಯಲ್ಲಿ ಸೆಟ್ಟಿಂಗ್ಸ್ ಒತ್ತಬೇಕು, ಆಮೇಲೆ ಪವರ್, ಆಮೇಲೆ ಶಟ್ ಡೌನ್. ಮೂಲೆಯಲ್ಲಿ ಹಾಗೊಂದು ಪಟ್ಟಿ ಅಡಗಿದೆ ಎಂದು ಪರದೆಯ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಬಲ ಅಂಚಿನಿಂದ ಹೆಬ್ಬೆರಳು ಎಳೆದರೆ ಅದೇ ಪಟ್ಟಿ ಸಲೀಸಾಗಿ ಬರುತ್ತದೆ. ಬೆರಳಿಗೆಂದು ಮಾಡಿದ ಚಲನೆಯನ್ನು ಮೌಸಿಗೆ ಅಂಟಿಸಿದ್ದೇ ತಪ್ಪು.

ಜನ ಸುಮ್ಮನಿರಲಿಲ್ಲ. ಹಳೆಯ ಮೆನುವನ್ನು ಮರಳಿ ತರುವ ಕ್ಲಾಸಿಕ್ ಶೆಲ್‌ನಂತಹ ಉಚಿತ ತಂತ್ರಾಂಶಗಳು ಮನೆಮಾತಾದವು. 2013ರ ಅಕ್ಟೋಬರಿನಲ್ಲಿ ವಿಂಡೋಸ್ 8.1ರ ಜೊತೆ ಗುಂಡಿ ವಾಪಸ್ ಬಂತು, ಆದರೆ ಒತ್ತಿದರೆ ಮತ್ತೆ ಅದೇ ಹೆಂಚುಗಳು. ನಿಜವಾದ ಮೆನು ಮರಳಿದ್ದು 2015ರ ಜುಲೈ 29ರಂದು, ವಿಂಡೋಸ್ 10ರಲ್ಲಿ. ಹೆಚ್ಚುಕಡಿಮೆ ಮೂರು ವರ್ಷ ಬೇಕಾಯಿತು.

ನನಗೆ ಬೇಸರ ತರುವುದು ಏನೆಂದರೆ, ಇಷ್ಟು ದೊಡ್ಡ ಪಾಠ ಕಣ್ಣೆದುರಿಗೇ ನಡೆದಿದ್ದರೂ ಸಣ್ಣಪುಟ್ಟ ತಂತ್ರಾಂಶ ಬರೆಯುವವರು ಇಂದಿಗೂ ಅದೇ ಗುಂಡಿಗೆ ಬೀಳುತ್ತಿದ್ದಾರೆ.

ಸಣ್ಣಕಿಟಕಿ

ಒತ್ತಿ ಹಿಡಿಯುವ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ನಾನು ಬಳಸುವ ಒಂದು ತಂತ್ರಾಂಶದಲ್ಲಿ ಎಷ್ಟು ಹೊತ್ತು ಹಿಡಿಯಬೇಕು ಎಂದೇ ತಿಳಿಯುವುದಿಲ್ಲ. ಬೇಗ ಬಿಟ್ಟರೆ ಕಡತ ತೆರೆದುಕೊಳ್ಳುತ್ತದೆ, ತಡವಾದರೆ ಎಳೆಯುತ್ತಿದ್ದೇನೆಂದು ತಿಳಿದು ಬೇರೆ ಫೋಲ್ಡರಿಗೆ ಸಾಗಿಸಿಬಿಡುತ್ತದೆ. ಹಾಗೆ ಸರಿದುಹೋದ ಎರಡು ಕಡತಗಳನ್ನು ಹುಡುಕಲು ಒಂದು ಮಧ್ಯಾಹ್ನ ಹೋಯಿತು.

ನಿಧಾನಗತಿ

ನಾನು ಎದುರು ಮಾತಾಡುತ್ತೇನೆ, ಬೇಸರಿಸಬೇಡಿ.

ನನಗೆ ಆರು ವರ್ಷಗಳಿಂದ ಕೈನಡುಕವಿದೆ. ಮೌಸ್ ಹಿಡಿದರೆ ಬಾಣದ ಗುರುತು ಪರದೆಯ ಮೇಲೆ ನಡುಗುತ್ತದೆ. ಹಳೆಯ ತಂತ್ರಾಂಶಗಳಲ್ಲಿ ‘ಉಳಿಸು’ ಮತ್ತು ‘ಅಳಿಸು’ ಚಿಹ್ನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತಿ, ಬರೆದದ್ದೆಲ್ಲ ಹೋಗಿ, ಕೆಲಸವನ್ನೇ ಬಿಟ್ಟುಬಿಡೋಣ ಎಂದುಕೊಂಡ ದಿನಗಳಿವೆ. ನೀವು ಊದಿಕೊಂಡಿದೆ ಎನ್ನುತ್ತಿರುವ ಆ ದೊಡ್ಡ ಗುಂಡಿಗಳು ಬಂದ ಮೇಲೆ ನಾನು ಮತ್ತೆ ಧೈರ್ಯವಾಗಿ ಕೆಲಸಕ್ಕೆ ಕುಳಿತೆ. ವೆಬ್ ಪುಟಗಳ ಸುಲಭಬಳಕೆಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಗುಂಡಿಯ ಅಳತೆ ಕನಿಷ್ಠ 24 ಪಿಕ್ಸೆಲ್ (ಪರದೆಯ ಚುಕ್ಕಿ) ಇರಬೇಕೆಂದು 2023ರಲ್ಲಿ ಸೇರಿಸಿದ್ದಾರೆ. ಅದಕ್ಕೂ ಮೇಲಿನ ದರ್ಜೆಗೆ 44 ಪಿಕ್ಸೆಲ್. ಅದು ಬೆರಳಿಗಾಗಿ ಮಾತ್ರ ಬರೆದ ನಿಯಮವಲ್ಲ, ನನ್ನಂಥವರಿಗಾಗಿಯೂ ಬರೆದದ್ದು.

ಆದ್ದರಿಂದ ‘ದೊಡ್ಡದೆಲ್ಲ ಕೆಟ್ಟದ್ದು’ ಎಂಬ ಮಾತು ಈ ಚರ್ಚೆಯಲ್ಲಿ ಗಟ್ಟಿಯಾಗುವ ಮೊದಲು ನನ್ನ ಕೈಯನ್ನೂ ನೆನಪಿನಲ್ಲಿಡಿ.

ಒತ್ತಿ ಹಿಡಿಯುವುದು ಮಾತ್ರ ನನಗೂ ಶಿಕ್ಷೆಯೇ. ನಡುಗುವ ಕೈ ಒಂದು ಕ್ಷಣ ಅಲುಗಾಡದೆ ಹಿಡಿಯಲಾರದು. ಮೌಸ್ ಹತ್ತಿರ ಬಂದಾಗ ಮಾತ್ರ ಕಾಣಿಸಿಕೊಳ್ಳುವ ನೂಲಿನಷ್ಟು ಸಣ್ಣ ಸ್ಕ್ರಾಲ್ ಪಟ್ಟಿಯಂತೂ ನನ್ನ ಪಾಲಿಗೆ ಇಲ್ಲವೇ ಇಲ್ಲ. ಹಿಡಿಯಲು ಹೋದರೆ ಕಿಟಕಿಯ ಅಂಚೇ ಕೈಗೆ ಬಂದು ಕಿಟಕಿ ಚಿಕ್ಕದಾಗುತ್ತದೆ.

ಖಾತೆಪುಟ

ನಿಧಾನಗತಿ ಅವರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನು ಹಾಗೆ ಯೋಚಿಸಿರಲಿಲ್ಲ. ದೊಡ್ಡ ಗುಂಡಿ ಬೇಡವೇ ಬೇಡ ಎಂಬಂತೆ ಬರೆದದ್ದು ತಪ್ಪು. ನಿಮಗೆ 21 ಸಾಲು ಇರಲಿ, ನನಗೆ 38 ಸಾಲು ಸಿಗಲಿ. ಹಿಂದಿನ ಆವೃತ್ತಿಯಲ್ಲಿ ಸಾಲಿನ ಎತ್ತರ ಬದಲಿಸುವ ಸೌಲಭ್ಯವಿತ್ತು. ಹೊಸದರಲ್ಲಿ ಅದನ್ನೇ ಕಿತ್ತುಹಾಕಿದ್ದಾರೆ, ನನ್ನ ಸಿಟ್ಟು ಅಲ್ಲಿದೆ.

ಪರದೆಗೆಲಸ

ನಾನು ಇಂತಹ ಪರದೆಗಳನ್ನು ಕಟ್ಟುವವನು. ಖಾತೆಪುಟ ಅವರ ತಂತ್ರಾಂಶ ನಮ್ಮದಲ್ಲ, ಆದರೆ ಅವರು ಹೇಳಿದ ಆ ಮೂರು ಚಕ್ರಗಳನ್ನು ನಾನೂ ಒಂದು ಕಡೆ ಹಾಕಿದ್ದೇನೆ. ಅದು ಹೇಗಾಗುತ್ತದೆ ಎಂದು ಒಳಗಿನಿಂದ ಹೇಳುತ್ತೇನೆ.

ಮೊದಲೆಲ್ಲ ಮೇಜಿನ ಕಂಪ್ಯೂಟರಿಗೆ ಒಂದು ತಂಡ, ಮೊಬೈಲಿಗೆ ಇನ್ನೊಂದು ತಂಡ ಇರುತ್ತಿತ್ತು. ಈಗ ಒಂದೇ ತಂಡ, ಒಂದೇ ಕೋಡ್, ಮೂರು ಅಳತೆಯ ಪರದೆ. ಮೊದಲು ಮೊಬೈಲಿಗೆ ಚಿತ್ರ ಬರೆಯುತ್ತೇವೆ. ಅದು ಒಪ್ಪಿಗೆಯಾದ ಮೇಲೆ ದೊಡ್ಡ ಪರದೆಗೆ ಅಗಲಿಸುತ್ತೇವೆ. ಅಗಲಿಸುವುದು ಎಂದರೆ ಅಂಚಿನಲ್ಲಿ ಖಾಲಿ ಜಾಗ ತುಂಬುವುದು, ಅಷ್ಟೇ. ದೊಡ್ಡ ಪರದೆಯಲ್ಲಿ ಕುಳಿತವರು ಏನು ಮಾಡುತ್ತಾರೆ ಎಂದು ಕೇಳುವ ಸಭೆಯೇ ನಡೆಯುವುದಿಲ್ಲ.

ಬೆರಳಿಗೆ ದೊಡ್ಡ ಗುರಿ ಬೇಕೆಂಬುದು ಸತ್ಯ. ಆಪಲ್ ತನ್ನದೇ ಅಳತೆಯಲ್ಲಿ 44 ಪಾಯಿಂಟ್ ಎನ್ನುತ್ತದೆ, ಗೂಗಲ್‌ನ ಆಂಡ್ರಾಯ್ಡ್ ಮಾರ್ಗಸೂಚಿಯ ಅಳತೆ ಸುಮಾರು 9 ಮಿಲಿಮೀಟರ್. ಬೆರಳ ತುದಿ ಮೆತ್ತಗಿರುತ್ತದೆ, ಒತ್ತುವಾಗ ತಾನು ಒತ್ತುತ್ತಿರುವುದನ್ನೇ ಮರೆಮಾಡುತ್ತದೆ. ಮೌಸಿನ ಬಾಣಕ್ಕೆ ಆ ತೊಂದರೆಯಿಲ್ಲ, ಅದರ ತುದಿ ಒಂದೇ ಪಿಕ್ಸೆಲ್. ಹಾಗೆಂದು ಮೌಸಿಗೆ ಗುರಿ ಎಷ್ಟು ಚಿಕ್ಕದಾದರೂ ಪರವಾಗಿಲ್ಲ ಎಂದೂ ಅಲ್ಲ. ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ತೋರಿಸಿದಂತೆ ಗುರಿ ದೂರವಿದ್ದಷ್ಟೂ, ಚಿಕ್ಕದಿದ್ದಷ್ಟೂ ತಲುಪುವ ಸಮಯ ಹೆಚ್ಚು. ಎಲ್ಲವನ್ನೂ ದೊಡ್ಡದು ಮಾಡಿದರೆ ಎಲ್ಲವೂ ದೂರ ದೂರ ಹೋಗುತ್ತವೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದಂತೆ.

ಇನ್ನೊಂದು ನಷ್ಟವನ್ನು ಯಾರೂ ಹೇಳಲಿಲ್ಲ. ಮೌಸಿಗೆ ‘ಮೇಲೆ ಸುಳಿದಾಡುವ’ ಶಕ್ತಿಯಿದೆ. ಗುಂಡಿಯ ಮೇಲೆ ಬಾಣವಿಟ್ಟು ನಿಂತರೆ ಅದು ಏನು ಮಾಡುತ್ತದೆ ಎಂದು ಪುಟ್ಟ ಚೀಟಿ ಹೇಳುತ್ತದೆ. ಒತ್ತುವ ಮೊದಲೇ ತಿಳಿಯುತ್ತದೆ. ಬೆರಳು ಹಾಗೆ ಸುಳಿದಾಡಲಾರದು, ಮುಟ್ಟಿದರೆ ಒತ್ತಿದಂತೆ. ಬೆರಳಿಗೆ ಇಲ್ಲದ್ದು ಯಾರಿಗೂ ಬೇಡ ಎಂದು ಆ ಚೀಟಿಗಳನ್ನು ಬರೆಯುವುದನ್ನೇ ಹಲವರು ನಿಲ್ಲಿಸಿದ್ದಾರೆ. ಉಳಿದದ್ದು ಹೆಸರಿಲ್ಲದ ಚಿಹ್ನೆಗಳು.

ಹಳೆಯಕೊಂಡಿ

ಪರದೆಗೆಲಸ ಅವರೇ, ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ಒಂದು ಪ್ರಶ್ನೆ. ಎದುರಿಗಿರುವುದು ಬೆರಳೋ ಮೌಸೋ ಎಂದು ಯಂತ್ರಕ್ಕೇ ಗೊತ್ತಿರುತ್ತದಲ್ಲವೇ? ಅದನ್ನು ಕೇಳಿ ರೂಪ ಬದಲಿಸಲು ಏನು ಅಡ್ಡಿ?

ಪರದೆಗೆಲಸ

ಗೊತ್ತಿರುತ್ತದೆ. ವೆಬ್ ಪುಟಗಳಲ್ಲಿ, ಪುಟದ ರೂಪ ವಿವರಿಸುವ ಸಿಎಸ್ಎಸ್ ಭಾಷೆಯಲ್ಲೇ ಕೇಳಬಹುದು: ಸೂಚಕ ಒರಟೋ ನಯವೋ, ಸುಳಿದಾಡಬಲ್ಲದೋ ಇಲ್ಲವೋ. ಮೌಸ್ ಇದ್ದರೆ ನಯ ಎಂಬ ಉತ್ತರ, ಬೆರಳಾದರೆ ಒರಟು ಎಂಬ ಉತ್ತರ. ಹೆಚ್ಚಿನ ಪುಟಗಳು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಪರದೆಯ ಅಗಲ ಮಾತ್ರ ಕೇಳುತ್ತವೆ. ಆದ್ದರಿಂದಲೇ ನೀವು ದೊಡ್ಡ ಪರದೆಯಲ್ಲಿ ಕಿಟಕಿಯನ್ನು ಅರ್ಧಕ್ಕೆ ಕಿರಿದಾಗಿಸಿದ ತಕ್ಷಣ ಮೊಬೈಲಿನ ಮೂರು ಗೆರೆಗಳ ಮೆನು ಬಂದುಬಿಡುತ್ತದೆ. ಕಿಟಕಿ ಕಿರಿದಾಯಿತು, ಕೈಯಲ್ಲಿರುವುದು ಮೌಸೇ. ಪುಟ ಅದನ್ನು ಅರಿಯುವುದಿಲ್ಲ.

ಎರಡೂ ಇರುವ ಲ್ಯಾಪ್‌ಟಾಪ್ ಬಂದಾಗ ಉತ್ತರ ಕಷ್ಟವಾಗುತ್ತದೆ, ನಿಜ. ಅಲ್ಲಿ ಮುಖ್ಯ ಸೂಚಕ ಯಾವುದು ಎಂಬುದನ್ನೂ, ಯಾವುದಾದರೂ ಒಂದು ಒರಟು ಸೂಚಕ ಇದೆಯೇ ಎಂಬುದನ್ನೂ ಬೇರೆ ಬೇರೆಯಾಗಿ ಕೇಳಬೇಕು. ಅನುಮಾನ ಬಂದರೆ ಬಳಸುವವರನ್ನೇ ಕೇಳಬಹುದು. ಮೈಕ್ರೋಸಾಫ್ಟ್ ಆಫೀಸಿನಲ್ಲಿ 2013ರ ಆವೃತ್ತಿಯಿಂದ ಅಂತಹ ಒಂದು ಸ್ವಿಚ್ ಇದೆ: ಟಚ್ ವಿಧಾನ, ಮೌಸ್ ವಿಧಾನ. ಒಂದು ಒತ್ತಿಗೆ ಗುಂಡಿಗಳ ನಡುವಿನ ಅಂತರ ಬದಲಾಗುತ್ತದೆ. ನನ್ನ ಮಟ್ಟಿಗೆ ಅದು ಎಲ್ಲರೂ ಅನುಸರಿಸಬೇಕಾದ ದಾರಿ.

ಮುಂಗಟ್ಟೆ

ನನ್ನ ದೂರು ಬೇರೆಯದು. ನನ್ನದು ನಿಜವಾಗಿಯೂ ಸ್ಪರ್ಶಪರದೆ. ಬಂದವರ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕುಳಿತಿರುತ್ತೇನೆ. ಎರಡು ವರ್ಷದ ಹಿಂದೆ ಮೌಸ್ ತೆಗೆದು, ನೆಟ್ಟಗೆ ನಿಂತಿರುವ ಸ್ಪರ್ಶಪರದೆ ಇಟ್ಟರು. ಮೊದಲ ವಾರ ಚೆನ್ನಾಗಿತ್ತು. ಎರಡನೆಯ ತಿಂಗಳಿಗೆ ಬಲ ಭುಜ ಹಿಡಿದುಕೊಂಡಿತು. ಪರದೆ ನನ್ನ ಎದೆಯಿಂದ ಒಂದು ತೋಳಿನಷ್ಟು ದೂರ. ಪ್ರತಿ ಸಲ ತೋಳನ್ನು ಪೂರ್ತಿ ಚಾಚಿ, ಗಾಳಿಯಲ್ಲಿ ಎತ್ತಿ ಹಿಡಿದು, ಗುರಿಯಿಟ್ಟು ಒತ್ತಬೇಕು. ಮೊಣಕೈಗೆ ಆಸರೆಯೇ ಇಲ್ಲ. ಸಂಜೆ ಬಟ್ಟೆ ಒಣಹಾಕಲು ಕೈ ಮೇಲೆತ್ತಿದರೆ ನೋವು.

ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡೆ, ಆಗ ಕಣ್ಣು ಉರಿ. ಬಗ್ಗಿಸಿ ಮಲಗಿಸಿದೆ, ಆಗ ಕುತ್ತಿಗೆ ನೋವು. ಕೊನೆಗೆ ಒಂದು ಹಳೆಯ ಮೌಸನ್ನು ತಂದು ಜೋಡಿಸಿಕೊಂಡೆ. ತಂತ್ರಾಂಶ ಬೆರಳಿಗೆಂದು ಬರೆದದ್ದು, ಆದ್ದರಿಂದ ಗಾಲಿ ತಿರುಗಿಸಿದರೆ ಪಟ್ಟಿ ಅಲುಗುವುದಿಲ್ಲ, ಹಿಡಿದು ಎಳೆಯಬೇಕು. ಆದರೂ ಭುಜ ಉಳಿಯಿತು.

ಹಳೆಯಕೊಂಡಿ

ಮುಂಗಟ್ಟೆ ಅವರ ಭುಜದ ನೋವಿಗೆ ಹೆಸರೇ ಇದೆ, ‘ಗೊರಿಲ್ಲಾ ತೋಳು’ ಎನ್ನುತ್ತಾರೆ. ಎತ್ತಿ ಹಿಡಿದ ತೋಳು ಸೋತು, ಭಾರವಾಗಿ, ಗೊರಿಲ್ಲಾದ ತೋಳಿನಂತೆ ಜೋತುಬೀಳುತ್ತದೆ ಎಂದು. ಇದು ಹೊಸ ಕಾಯಿಲೆಯಲ್ಲ. 1963ರಲ್ಲಿ ಐವಾನ್ ಸದರ್ಲೆಂಡ್ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್ ಮಾಡಿ ತೋರಿಸಿದರು. ಅದ್ಭುತ ಕೆಲಸ. ಆದರೆ ನಿಂತ ಪರದೆಗೆ ಲೇಖನಿ ಹಿಡಿದು ಬಹಳ ಹೊತ್ತು ಕೆಲಸ ಮಾಡಿದರೆ ತೋಳು ಸೋಲುತ್ತದೆ. 1968ರ ಡಿಸೆಂಬರಿನಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಜನರೆದುರು ಮೌಸನ್ನು ತೋರಿಸಿದಾಗ ಕೈ ಮೇಜಿನ ಮೇಲೆ ಒರಗಿಕೊಂಡೇ ಇತ್ತು. 1983ರಲ್ಲಿ ಎಚ್‌ಪಿ ಕಂಪನಿ ಎಚ್‌ಪಿ-150 ಎಂಬ ಸ್ಪರ್ಶಪರದೆಯ ಕಂಪ್ಯೂಟರನ್ನೇ ಮಾರುಕಟ್ಟೆಗೆ ತಂದಿತು. ಪರದೆಯ ಸುತ್ತ ಅತಿಗೆಂಪು ಕಿರಣಗಳ ಜಾಲ, ಬೆರಳು ಅಡ್ಡ ಬಂದರೆ ಜಾಗ ಗೊತ್ತಾಗುತ್ತಿತ್ತು. ಮೇಜಿನ ಮೇಲೆ ಗೆದ್ದದ್ದು ಮಾತ್ರ ಮೌಸೇ.

2010ರ ಅಕ್ಟೋಬರಿನಲ್ಲಿ ಸ್ಟೀವ್ ಜಾಬ್ಸ್ ಕೂಡ ಇದನ್ನೇ ಹೇಳಿದರು: ನಾವು ಬೇಕಾದಷ್ಟು ಪರೀಕ್ಷೆ ಮಾಡಿ ನೋಡಿದೆವು, ನಿಂತಿರುವ ಪರದೆಯನ್ನು ಮುಟ್ಟುತ್ತಾ ಕೂರಲು ತೋಳು ಒಪ್ಪುವುದಿಲ್ಲ ಎಂಬ ಅರ್ಥದ ಮಾತು. ಮುಂಗಟ್ಟೆ ಅವರಿಗೆ ಒಂದು ಸಲಹೆ. ಮೌಸ್ ಜೋಡಿಸಿದ್ದು ಒಳ್ಳೆಯದೇ ಆಯಿತು, ಆದರೆ ಭುಜವನ್ನು ವೈದ್ಯರಿಗೂ ತೋರಿಸಿ. ಎರಡು ವರ್ಷದ ನೋವನ್ನು ಹಾಗೇ ಬಿಡಬಾರದು.

ನಕ್ಷೆರೇಖೆ

ಸ್ಪರ್ಶವನ್ನೇ ಬಯ್ಯಬೇಡಿ ಎಂದು ಹೇಳಲು ಬಂದೆ. ನಾನು ಕಟ್ಟಡಗಳ ನಕ್ಷೆ ಬರೆಯುತ್ತೇನೆ. ನನ್ನ ಪರದೆ ಬರವಣಿಗೆಯ ಮೇಜಿನಂತೆ ಓರೆಯಾಗಿ ಮಲಗಿದೆ. ಬಲಗೈಯಲ್ಲಿ ಲೇಖನಿ, ಎಡಗೈಯ ಎರಡು ಬೆರಳುಗಳಿಂದ ನಕ್ಷೆಯನ್ನು ಹಿಗ್ಗಿಸುವುದು, ತಿರುಗಿಸುವುದು. ಕಾಗದವನ್ನೇ ತಿರುಗಿಸಿದ ಹಾಗೆ. ಮೌಸಿನಲ್ಲಿ ಈ ಸುಖವಿಲ್ಲ. ಆದರೆ ಗೋಡೆಯ ದಪ್ಪ ಗುರುತಿಸುವಾಗ, ಗೆರೆಯ ತುದಿಗೆ ಗೆರೆ ಕೂಡಿಸುವಾಗ ನಾನೂ ಮೌಸ್ ಹಿಡಿಯುತ್ತೇನೆ, ಅಳತೆಯನ್ನು ಕೀಬೋರ್ಡಿನಲ್ಲಿ ಒತ್ತುತ್ತೇನೆ.

ನನ್ನ ತಂತ್ರಾಂಶ ಮೂರನ್ನೂ ಒಟ್ಟಿಗೆ ಒಪ್ಪುತ್ತದೆ, ಯಾವುದನ್ನೂ ಹೇರುವುದಿಲ್ಲ. ಒಂದಕ್ಕಾಗಿ ಇನ್ನೊಂದನ್ನು ತೆಗೆದಾಗ ಏನಾಗುತ್ತದೆ ಎಂಬುದಕ್ಕೆ ಮ್ಯಾಕ್‌ಬುಕ್ ಪ್ರೋದ ಟಚ್ ಬಾರ್ ನೋಡಿ. 2016ರಲ್ಲಿ ಮೇಲಿನ ಸಾಲಿನ ಕೀಲಿಗಳನ್ನು ತೆಗೆದು ನುಣುಪಾದ ಸ್ಪರ್ಶಪಟ್ಟಿ ಇಟ್ಟರು. ಕೀಲಿಯಾದರೆ ಬೆರಳಿಗೆ ಅಂಚು ಸಿಗುತ್ತದೆ, ನೋಡದೆ ಒತ್ತಬಹುದು. ಪಟ್ಟಿಯ ಮೇಲೆ ಅಂಚಿಲ್ಲ, ಪ್ರತಿ ಸಲವೂ ತಲೆ ಬಗ್ಗಿಸಬೇಕು. 2019ರಲ್ಲಿ ಎಸ್ಕೇಪ್ ಕೀಲಿ ಮರಳಿತು, 2021ರ 14 ಮತ್ತು 16 ಇಂಚಿನ ಮಾದರಿಗಳಲ್ಲಿ ಇಡೀ ಸಾಲು ಮರಳಿತು. ಕಣ್ಣು ಬೇಡದೆ ಕೈಯೇ ಮಾಡುತ್ತಿದ್ದ ಕೆಲಸವನ್ನು ಕಣ್ಣಿಗೆ ವಹಿಸಿದರೆ ನುರಿತವರು ಸಹಿಸುವುದಿಲ್ಲ. ಖಾತೆಪುಟ ಅವರ ದಿನಾಂಕದ ಚಕ್ರದ್ದೂ ಇದೇ ರೋಗ.

ಪೆಂಗ್ವಿನ್‌ದಾರಿ

ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಗೆ ಬನ್ನಿ ಎಂಬ ಮಾತು ನಾಲಿಗೆಯ ತುದಿಯಲ್ಲಿದೆ, ಆದರೆ ಅಲ್ಲಿಯೂ ಈ ಬಿರುಗಾಳಿ ಬೀಸಿದೆ. 2011ರ ಏಪ್ರಿಲ್‌ನಲ್ಲಿ ಲಿನಕ್ಸ್‌ನ ಪರದೆಗೆ ರೂಪ ಕೊಡುವ ಗ್ನೋಮ್ 3 ಬಂತು, ಅದೇ ತಿಂಗಳು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 11.04ರಲ್ಲಿ ಯೂನಿಟಿ ಎಂಬ ಇನ್ನೊಂದು ರೂಪ ಬಂತು. ದೊಡ್ಡ ಚಿಹ್ನೆಗಳು, ಮರೆಯಾದ ಮೆನುಗಳು. ಲಿನಕ್ಸ್ ಸೃಷ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಅವರೇ ಆ ವರ್ಷ ಗ್ನೋಮ್ 3 ಬಿಟ್ಟು ಎಕ್ಸ್‌ಎಫ್‌ಸಿಇ ಎಂಬ ಬೇರೊಂದು ರೂಪಕ್ಕೆ ಹೋದರು, ಕೆಲ ಕಾಲದ ನಂತರ ಮರಳಿದರು. ಹಳೆಯ ಗ್ನೋಮನ್ನು ಮೇಟ್ ಎಂಬ ಹೆಸರಿನಲ್ಲಿ ಕೆಲವರು ಉಳಿಸಿಕೊಂಡರು. ಲಿನಕ್ಸ್‌ನ ಇನ್ನೊಂದು ಬಗೆಯಾದ ಮಿಂಟ್‌ನವರು ಸಿನಮನ್ ಎಂಬ ತಮ್ಮದೇ ರೂಪ ಕಟ್ಟಿದರು. ಮೊಬೈಲಿಗೂ ಮೇಜಿಗೂ ಒಂದೇ ರೂಪ ಕೊಡುವ ಕನಸನ್ನು ಉಬುಂಟುವಿನವರು 2017ರ ಏಪ್ರಿಲ್‌ನಲ್ಲಿ ಕೈಬಿಟ್ಟರು.

ಅಲ್ಲಿ ವ್ಯತ್ಯಾಸ ಒಂದೇ. ಹಿಡಿಸದಿದ್ದವರು ಹಳೆಯದನ್ನು ಎತ್ತಿಕೊಂಡು ಮುಂದುವರಿಸಬಹುದಿತ್ತು. ಕೋಡ್ ಎಲ್ಲರಿಗೂ ತೆರೆದಿತ್ತು. ಖಾತೆಪುಟ ಅವರ ಕೈಯಲ್ಲಿ ಆ ಅವಕಾಶವಿಲ್ಲ.

ಸಣ್ಣಕಿಟಕಿ

ಗ್ನೋಮ್ ಬಗ್ಗೆ ನನ್ನದು ಭಿನ್ನಮತ. ನಾನು ಅದನ್ನು ದಿನವೂ ಬಳಸುತ್ತೇನೆ, ಮೌಸನ್ನೇ ಮುಟ್ಟುವುದಿಲ್ಲ. ಸೂಪರ್ ಕೀಲಿ (ವಿಂಡೋಸ್ ಚಿಹ್ನೆಯಿರುವ ಕೀಲಿ) ಒತ್ತಿ ಎರಡು ಅಕ್ಷರ ಟೈಪಿಸಿದರೆ ಬೇಕಾದದ್ದು ತೆರೆಯುತ್ತದೆ. ಬೆರಳಿಗೆಂದು ಮಾಡಿದಂತೆ ಕಂಡರೂ ಕೀಬೋರ್ಡಿಗೆ ಅದರಷ್ಟು ಹೊಂದುವುದು ನನಗೆ ಬೇರೆ ಸಿಕ್ಕಿಲ್ಲ.

ಪೆಂಗ್ವಿನ್‌ದಾರಿ

ಕೀಬೋರ್ಡ್ ಬಲ್ಲವರಿಗೆ ಸರಿ. ಸೂಪರ್ ಕೀಲಿ ಇದೆ ಎಂದು ಹೊಸಬರಿಗೆ ಯಾರು ಹೇಳುತ್ತಾರೆ? ಮೆನು ಕಣ್ಣೆದುರಿಗಿದ್ದರೆ ಅದೇ ಹೇಳುತ್ತಿತ್ತು. ಆದರೆ ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ.

ನೆರವುಕೈ

ತಂತ್ರಾಂಶ ಬದಲಾಗುವವರೆಗೆ ಕಾಯುತ್ತಾ ಕೂರಲಾಗದು. ನಾನು ಹಲವರ ಯಂತ್ರಗಳಲ್ಲಿ ಮಾಡಿಕೊಟ್ಟು ಫಲ ಕಂಡದ್ದನ್ನು ಹೇಳುತ್ತೇನೆ.

ವಿಂಡೋಸ್ 11ರಲ್ಲಿ ಅಡಗುವ ಸ್ಕ್ರಾಲ್ ಪಟ್ಟಿಯನ್ನು ಸದಾ ಕಾಣುವಂತೆ ಮಾಡಬಹುದು: ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ವಿಷುವಲ್ ಎಫೆಕ್ಟ್ಸ್, ಅಲ್ಲಿ ಮೊದಲನೆಯ ಸ್ವಿಚ್. ನಿಧಾನಗತಿ ಅವರು ಇದನ್ನು ಇಂದೇ ಮಾಡಿಕೊಳ್ಳಬೇಕು. ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ಅಪಿಯರೆನ್ಸ್ ಒಳಗೆ ಇದೇ ಸೌಲಭ್ಯವಿದೆ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಡತಗಳ ನಡುವೆ ಬೆರಳಿನ ಜಾಗ ಬಿಟ್ಟಿರುತ್ತಾರೆ. ವ್ಯೂ ಮೆನುವಿನಲ್ಲಿ ಕಾಂಪ್ಯಾಕ್ಟ್ ವ್ಯೂ ಆರಿಸಿದರೆ ಸಾಲುಗಳು ಹತ್ತಿರ ಬರುತ್ತವೆ. ಬಲ ಕ್ಲಿಕ್ ಮಾಡಿದಾಗ ಮೊಟಕು ಮೆನು ಬಂದು ಬೇಸರವಾಗುತ್ತಿದ್ದರೆ ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡಿ, ಹಳೆಯ ಪೂರ್ತಿ ಮೆನು ಬರುತ್ತದೆ. ಜಿಮೇಲ್‌ನಲ್ಲಿ ಬಲಗಡೆಯ ಗಾಲಿ ಚಿಹ್ನೆಯೊಳಗೆ ಡೆನ್ಸಿಟಿ ಎಂಬ ಆಯ್ಕೆಯಿದೆ, ಕಾಂಪ್ಯಾಕ್ಟ್ ಮಾಡಿ.

ಬ್ರೌಸರಿನಲ್ಲಿ ನಡೆಯುವ ತಂತ್ರಾಂಶವಾದರೆ ಕಂಟ್ರೋಲ್ ಹಿಡಿದು ಮೈನಸ್ ಒತ್ತಿ. 80 ಅಥವಾ 75 ಶೇಕಡಾಕ್ಕೆ ಇಳಿಸಿದರೆ ಹೆಚ್ಚು ಸಾಲುಗಳು ಕಾಣುತ್ತವೆ. ಅಕ್ಷರವೂ ಚಿಕ್ಕದಾಗುವುದು ಅದರ ದೋಷ. ಖಾಲಿ ಜಾಗ ಮಾತ್ರ ಕಿರಿದಾಗಿ ಅಕ್ಷರ ಹಾಗೇ ಇರಬೇಕು ಎಂದರೆ ಅದಕ್ಕೆ ತಂತ್ರಾಂಶವೇ ಮನಸ್ಸು ಮಾಡಬೇಕು.

ಮುಟ್ಟಬೇಕೆಂದಿಲ್ಲದ ಲ್ಯಾಪ್‌ಟಾಪಿನಲ್ಲಿ ಸ್ಪರ್ಶಪರದೆ ತೊಂದರೆ ಕೊಡುತ್ತಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು, ಹ್ಯೂಮನ್ ಇಂಟರ್ಫೇಸ್ ಡಿವೈಸಸ್ ಕೆಳಗೆ ಟಚ್ ಸ್ಕ್ರೀನ್ ಎಂದಿರುವುದನ್ನು ಡಿಸೇಬಲ್ ಮಾಡಬಹುದು. ಪರದೆಯ ಮೇಲಿನ ಧೂಳು ಒರೆಸುವಾಗ ಏನೇನೋ ತೆರೆದುಕೊಳ್ಳುವುದು ಅದರಿಂದ ನಿಲ್ಲುತ್ತದೆ.

ನಿಧಾನಗತಿ

ಸ್ಕ್ರಾಲ್ ಪಟ್ಟಿ ಸದಾ ಕಾಣುವಂತೆ ಮಾಡಿಕೊಂಡೆ. ಕೆಲವು ತಂತ್ರಾಂಶಗಳು ಅದನ್ನು ಲೆಕ್ಕಿಸುವುದಿಲ್ಲ, ಆದರೆ ಸೆಟ್ಟಿಂಗ್ಸ್‌ನಲ್ಲಿಯೂ ಸ್ಟಾರ್ಟ್ ಮೆನುವಿನಲ್ಲಿಯೂ ಈಗ ಕೈಗೆ ಸಿಗುತ್ತಿದೆ. ನೆರವುಕೈ ಅವರೇ, ಇಷ್ಟು ದಿನ ಈ ಸ್ವಿಚ್ ಇದೆ ಎಂದೇ ನನಗೆ ತಿಳಿದಿರಲಿಲ್ಲ.

ಖಾತೆಪುಟ

ನಾನೂ ವರದಿ ಕೊಡುತ್ತೇನೆ. ಬ್ರೌಸರನ್ನು 75 ಶೇಕಡಾಕ್ಕೆ ಇಳಿಸಿದೆ. 21 ಸಾಲು 29 ಆಯಿತು. ಅಕ್ಷರ ಚಿಕ್ಕದಾಯಿತು, 6 ಮತ್ತು 8ರ ನಡುವೆ ಗೊಂದಲವಾಗುತ್ತದೆ, ಲೆಕ್ಕದ ಕೆಲಸದಲ್ಲಿ ಅದು ಅಪಾಯ. 85ಕ್ಕೆ ತಂದು 25 ಸಾಲಿಗೆ ತೃಪ್ತಿಪಟ್ಟಿದ್ದೇನೆ. ಬಲ ಕ್ಲಿಕ್ ಮೆನುವಿಗೆ ದಾರಿ ಸಿಗಲಿಲ್ಲ.

ತಂತ್ರಾಂಶದವರಿಗೂ ಬರೆದೆ. ಹೆಚ್ಚಿನ ಗ್ರಾಹಕರು ಮೊಬೈಲಿನಲ್ಲಿ ಬಳಸುತ್ತಾರೆ ಎಂಬ ಉತ್ತರ ಬಂತು. ನಿಜವಿರಬಹುದು. ಯಜಮಾನರು ಮೊಬೈಲಿನಲ್ಲಿ ತೆರೆದು ದಿನದ ಮೊತ್ತ ಎಷ್ಟಾಯಿತೆಂದು ಒಂದು ಸಲ ನೋಡುತ್ತಾರೆ. ಆ ಮೊತ್ತ ಅಲ್ಲಿ ಕಾಣಬೇಕಾದರೆ ನಾನು ಇಲ್ಲಿ ಕುಳಿತು ಇನ್ನೂರು ನಮೂದು ಮಾಡಿರಬೇಕು. ತೆರೆದವರ ಸಂಖ್ಯೆಯನ್ನು ಎಣಿಸಿದ್ದಾರೆ, ಕೆಲಸ ಮಾಡಿದ ಗಂಟೆಗಳನ್ನು ಎಣಿಸಿಲ್ಲ. ಇದನ್ನೇ ಅವರಿಗೆ ಮತ್ತೆ ಬರೆದು ಕಳುಹಿಸಿದ್ದೇನೆ. ಸಾಲಿನ ಎತ್ತರದ ಆಯ್ಕೆ, ಬಲ ಕ್ಲಿಕ್, ಟೈಪಿಸುವ ದಿನಾಂಕ, ಈ ಮೂರನ್ನೇ ಕೇಳಿದ್ದೇನೆ.

ಪರದೆಗೆಲಸ

ನಿಮ್ಮ ಮೊದಲ ಬರಹ ಓದಿದಂದಿನಿಂದ ನಮ್ಮಲ್ಲಿನ ಆ ಚಕ್ರ ಕಣ್ಣಿಗೆ ಚುಚ್ಚುತ್ತಿತ್ತು. ಈ ವಾರ ಬದಲಿಸಿದೆ. ಬೆರಳಿನಿಂದ ಮುಟ್ಟಿದರೆ ಚಕ್ರ, ಮೌಸಿನಿಂದ ಕ್ಲಿಕ್ ಮಾಡಿದರೆ ಅಥವಾ ಟ್ಯಾಬ್ ಒತ್ತಿ ಬಂದರೆ ಸಾದಾ ಖಾನೆ. ನಾಲ್ಕು ಅಂಕಿ ಒತ್ತಿದರೆ ದಿನ, ತಿಂಗಳು ಕೂರುತ್ತವೆ, ವರ್ಷ ತಾನೇ ಬರುತ್ತದೆ. ಪರೀಕ್ಷೆಗೆಂದು ಇಟ್ಟ ಪುಟದ ಕೊಂಡಿಯನ್ನು ನಿಮಗೆ ಖಾಸಗಿಯಾಗಿ ಕಳುಹಿಸಿದ್ದೇನೆ. ದಿನಕ್ಕೆ ಇನ್ನೂರು ನಮೂದು ಮಾಡುವ ಕೈಯಿಂದ ಪರೀಕ್ಷೆಯಾಗಲಿ ಎಂಬ ಆಸೆ.

ಖಾತೆಪುಟ

ಇಂದು ಬೆಳಿಗ್ಗೆ ರಸೀದಿಗಳ ಕಟ್ಟು ಇಟ್ಟುಕೊಂಡು ನಲವತ್ತು ದಿನಾಂಕ ಒತ್ತಿದೆ, ಒಮ್ಮೆಯೂ ಪರದೆ ನೋಡಲಿಲ್ಲ. ಮೂವತ್ತೆಂಟು ಸರಿಯಾಗಿ ಬಂದವು. ಎರಡು ತಪ್ಪಾದವು, ಎರಡೂ ಜನವರಿಯಲ್ಲಿ ಕುಳಿತು ಡಿಸೆಂಬರಿನ ರಸೀದಿ ಹಾಕುವ ಸಂದರ್ಭದವು. 2812 ಎಂದು ಒತ್ತಿದರೆ ಮುಂದೆ ಬರಲಿರುವ ಡಿಸೆಂಬರ್ ಹಿಡಿಯುತ್ತದೆ. ಲೆಕ್ಕದಲ್ಲಿ ರಸೀದಿಗಳು ಯಾವಾಗಲೂ ಕಳೆದ ದಿನದವು. ವರ್ಷ ಊಹಿಸುವುದಾದರೆ ಹಿಂದಿನದನ್ನು ಊಹಿಸಲಿ. ಇನ್ನೊಂದು, ಅಂಕಿಗಳ ನಂತರ ಎಂಟರ್ ಒತ್ತಿದಾಗ ಮುಂದಿನ ಖಾನೆಗೆ ಹೋಗಬೇಕು, ಈಗ ಅಲ್ಲೇ ನಿಲ್ಲುತ್ತದೆ.

ಪರದೆಗೆಲಸ

ವರ್ಷದ ತಪ್ಪು ಹಿಡಿದದ್ದು ದೊಡ್ಡ ಉಪಕಾರ, ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎಂಟರ್ ನಾಳೆಯೇ ಸರಿಯಾಗುತ್ತದೆ. ನಿಧಾನಗತಿ ಅವರೇ, ಅದೇ ಕೊಂಡಿಯನ್ನು ನಿಮಗೂ ಕಳುಹಿಸಲೇ? ಖಾನೆಯ ಎತ್ತರ 44 ಪಿಕ್ಸೆಲ್ ಇಟ್ಟಿದ್ದೇನೆ, ಪಕ್ಕದ ಖಾನೆಗೆ ಎಂಟು ಪಿಕ್ಸೆಲ್ ಅಂತರ. ಅದು ನಿಮ್ಮ ಕೈಗೆ ಸಾಕೇ ಎಂದು ತಿಳಿಯಬೇಕಿದೆ.

ನಿಧಾನಗತಿ

ಕಳುಹಿಸಿ. ಬೆಳಗಿನ ಹೊತ್ತು ಕೈ ಹೆಚ್ಚು ನಡುಗುತ್ತದೆ, ಆಗಲೇ ಪರೀಕ್ಷಿಸುತ್ತೇನೆ.